ತಮ್ಮನ ಮುಂದಿನ ಹಲ್ಲು

'ಮಾಡಿದ್ದುಣ್ಣೋ ಮಹಾರಾಯ' ಎಂಬ ಗಾದೆಯಿದೆ. ಆದರೆ ನಾವು ಮಾಡಿದ್ದನ್ನು ಉಂಡವನು ನಮ್ಮ ತಮ್ಮ.

ಅದು 2018ರ ಬೇಸಿಗೆ ರಜೆ. ಧರ್ಮಪುರಿ ಜಿಲ್ಲೆಯ ಪೆನ್ನಾಗರದ ಬಳಿಯ ನಮ್ಮ ಹಳ್ಳಿಯಲ್ಲಿ ಮುಟ್ಟಾಟ ಆಡುತ್ತಿದ್ದೆವು. ನಾವಿಬ್ಬರು ಅಣ್ಣಂದಿರು ತಳ್ಳಿದ ರಭಸಕ್ಕೆ ಎಂಟು ವರ್ಷದ ತಮ್ಮ ನೀರಿನ ತೊಟ್ಟಿಯ ಅಂಚಿಗೆ ಬಿದ್ದನು. ಮೇಲಿನ ಮುಂದಿನ ಹಲ್ಲಿನ ತುದಿ ಮುರಿಯಿತು. "ಅಪ್ಪನಿಗೆ ಹೇಳಬೇಡವೋ" ಎಂದು ಬೇಡಿಕೊಂಡೆವು. ಎಡವಿ ಬಿದ್ದೆನೆಂದಷ್ಟೇ ಅವನು ಹೇಳಿದನು. ಚಿಕ್ಕ ಚೂರು ತಾನೇ ಎಂದು ಮನೆಯವರೂ ಸುಮ್ಮನಾದರು.

ಕೆಲವು ತಿಂಗಳಲ್ಲಿ ಆ ಹಲ್ಲು ಕಂದಿತು. ಧರ್ಮಪುರಿ, ಸೇಲಂ ಜಿಲ್ಲೆಗಳ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. 2013ರಲ್ಲಿ ಹೊಗೇನಕಲ್ ಯೋಜನೆಯ ಕಾವೇರಿ ನೀರು ಬರುವ ಮುಂಚೆ ನಾವೆಲ್ಲ ಅದನ್ನೇ ಕುಡಿದವರು. ಆದ್ದರಿಂದ "ನೀರಿನ ಕಲೆ" ಎಂದರು ಎಲ್ಲರೂ. ನಾವೂ ಹೌದೆಂದೆವು. ಒಂದೇ ಹಲ್ಲು ಏಕೆ ಕಪ್ಪಾಯಿತೆಂದು ಯಾರೂ ಕೇಳಲಿಲ್ಲ.

2021ರಲ್ಲಿ ಒಸಡು ಊದಿತು. ಒಂದು ಕಡೆ ಬೇರುನಾಳದ ಚಿಕಿತ್ಸೆ ಮಾಡಿಸಿದ್ದಾಯಿತು. 2024ರಲ್ಲಿ ಮತ್ತೆ ಕೀವು. ಅಪ್ಪ ನಮ್ಮನ್ನೂ ಕರೆದುಕೊಂಡು ತೊಪ್ಪೂರು ಘಾಟಿ ಇಳಿದು ಸೇಲಂಗೆ ಹೋದರು.

ಅಲ್ಲಿನ ವೈದ್ಯರು ಎಕ್ಸ್‌ರೇ ತೋರಿಸಿ ಹೇಳಿದರು: "ಹಲ್ಲು ಹುಟ್ಟಿದ ಮೇಲೆ ಬೇರಿನ ತುದಿ ಮುಚ್ಚಲು ಸುಮಾರು ಮೂರು ವರ್ಷ ಬೇಕು. ಅಷ್ಟರಲ್ಲಿ ಪೆಟ್ಟಿನಿಂದ ನರ ಸತ್ತರೆ ಬೇರಿನ ಬೆಳವಣಿಗೆ ಅಲ್ಲಿಗೇ ನಿಲ್ಲುತ್ತದೆ. ಇವನ ಬೇರು ತಳವಿಲ್ಲದ ಕೊಳವೆಯಂತಿದೆ. ಅದಕ್ಕೇ ತುಂಬಿದ್ದು ನಿಲ್ಲಲಿಲ್ಲ."

ಹಳೆಯದನ್ನು ತೆಗೆದು, ನಾಳವನ್ನು ತೊಳೆದು, ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಇಟ್ಟು ಕಳುಹಿಸಿದರು. ಕೀವು ಆರಿದ ಮೇಲೆ ಎಂ.ಟಿ.ಎ. ಎಂಬ ಸಿಮೆಂಟಿನಿಂದ ಬೇರಿನ ತುದಿಗೆ ನಾಲ್ಕೈದು ಮಿಲಿಮೀಟರ್ ದಪ್ಪದ ತಳ ಕಟ್ಟಿದರು. ಅದು ತೇವದಲ್ಲೇ ಗಟ್ಟಿಯಾಗುತ್ತದೆ. ಅದರ ಮೇಲೆ ನಾಳವನ್ನು ತುಂಬಿ ಮುಚ್ಚಿದರು.

"ಪೆಟ್ಟು ಬಿದ್ದ ದಿನವೇ ಕರೆತಂದಿದ್ದರೆ ನರ ಉಳಿಯಬಹುದಿತ್ತು" ಎಂದರು ವೈದ್ಯರು. ಹಿಂತಿರುಗುವಾಗ ಬಸ್ಸಿನಲ್ಲಿ ನಾವು ಅಪ್ಪನಿಗೆ ಎಲ್ಲವನ್ನೂ ಹೇಳಿಬಿಟ್ಟೆವು. ಅಪ್ಪ ಬೈಯಲಿಲ್ಲ. "ಆರು ವರ್ಷ ಇದನ್ನು ಹೊತ್ತುಕೊಂಡಿದ್ದಿರೇನ್ರೋ?" ಎಂದಷ್ಟೇ ಕೇಳಿದರು. ತಮ್ಮ ಕಿಟಕಿಯ ಕಡೆ ತಿರುಗಿ ನಕ್ಕನು, ಎಂದಿನಂತೆ ಬಾಯಿಗೆ ಕೈ ಅಡ್ಡ ಹಿಡಿದು.

ಬೇರಿನ ಗೋಡೆ ತೆಳುವಾದ್ದರಿಂದ ಅವನು ಆ ಹಲ್ಲಿನಿಂದ ಕಬ್ಬು ಕಚ್ಚುವಂತಿಲ್ಲ. ಮುಂದಿನ ಸಂಕ್ರಾಂತಿಗೆ ನಾವೂ ಕಬ್ಬು ಮುಟ್ಟಲಿಲ್ಲ.

ಗೆಳೆಯರೇ, ಆಟದಲ್ಲಿ ಹಲ್ಲಿಗೆ ಪೆಟ್ಟಾದರೆ ಅಂದೇ ಮನೆಯಲ್ಲಿ ಹೇಳಿ. ಹಾಲುಹಲ್ಲು ಬಿದ್ದ ಮೇಲೆ ಬಂದ ಹಲ್ಲು ಪೂರ್ತಿ ಕಿತ್ತು ಬಂದರೆ, ಬೇರನ್ನು ಉಜ್ಜದೆ ಹಾಲಿನಲ್ಲಿಟ್ಟು ಒಂದು ಗಂಟೆಯೊಳಗೆ ದಂತವೈದ್ಯರ ಬಳಿಗೆ ಓಡಿ. ಬೈಗುಳ ಒಂದು ದಿನದ್ದು, ಹಲ್ಲು ಜೀವಮಾನದ್ದು.