ತಾಟಿನ ತಳ

ನಮ್ಮ ಮನೆಯಲ್ಲಿ ಗಾಜಿನ ಸಾಮಾನಿಗೆ ಎರಡೇ ಜಾತಿ: ಚಹಾ ಕುಡಿಯುವ ಗ್ಲಾಸು ಒಂದು, ‘ನವಾಬರದ್ದು’ ಇನ್ನೊಂದು. ಯಲಬುರ್ಗಾ ತಾಲೂಕಿನ ನಮ್ಮೂರ ಮನೆಯ ಪಡಸಾಲೆಯ ಗೂಡಿನಲ್ಲಿ ಹಳದಿಯೋ ಹಸಿರೋ ಹೇಳಲಾಗದ ಬಣ್ಣದ, ಅಲೆಅಲೆ ಅಂಚಿನ ತಾಟೊಂದನ್ನು ಗೋಡೆಗೆ ಆನಿಸಿ ಇಟ್ಟಿರುತ್ತಿದ್ದರು. ಹೈದರಾಬಾದಿನ ದಿವಾನ ಸಾಲಾರ್ ಜಂಗ್ ಸಾಹೇಬರು ಅದನ್ನು ಮುತ್ತಜ್ಜನಿಗೆ ಮೆಚ್ಚಿ ಕೊಟ್ಟರಂತೆ. ‘ಬೆಲ್ಜಮ್ ಗಾಜು ಐತಿ, ಕೈ ಹಚ್ಚಬ್ಯಾಡ್ರೋ’ ಎಂದು ಆಯಿ ದಿನಕ್ಕೊಮ್ಮೆಯಾದರೂ ಗದರುತ್ತಿದ್ದಳು. ಬೀಗರು ಬಂದ ದಿನ ಮಾತ್ರ ಅದರಲ್ಲಿ ಎಲೆ ಅಡಿಕೆ ಬರುತ್ತಿತ್ತು, ಜೊತೆಗೆ ಈ ಕಥೆಯೂ.

ಕಥೆ ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ. ನಿಜಾಮರ ಕಾಲಕ್ಕೆ ಗಂಗಾವತಿ, ಕುಷ್ಟಗಿ ನೇರ ಸರ್ಕಾರದ ತಾಲೂಕುಗಳು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. ಹಾಗಾಗಿ ನಮ್ಮ ಕಡೆ ಹಳೆಯ ಕನ್ನಡಿ, ಗುಲಾಬದಾನಿ, ಗೋಡೆ ಗಡಿಯಾರ ಏನೇ ಸಿಗಲಿ, ಅದಕ್ಕೆ ನವಾಬರ ಹೆಸರು ತಾನಾಗಿ ಅಂಟಿಕೊಳ್ಳುತ್ತದೆ. ಗಾಜಾದರೆ ಮೇಲೊಂದು ಬೆಲ್ಜಿಯಂ.

ಅವ್ವ ಹೋದ ಮೇಲೆ ನಾವು ಮೂವರೂ ಸಾಮಾನು ಹಂಚಿಕೊಳ್ಳಲು ಗಂಗಾವತಿಯಲ್ಲಿ ಅಣ್ಣನ ಅಕ್ಕಿ ಅಂಗಡಿಯಲ್ಲಿ ಕೂತೆವು. ಹೊಲದ ಮಾತು ಅರ್ಧ ತಾಸಿನಲ್ಲಿ ಮುಗಿಯಿತು, ತಾಟಿನದು ಮುಗಿಯಲಿಲ್ಲ. ಕುಷ್ಟಗಿಗೆ ಕೊಟ್ಟ ಅಕ್ಕ ‘ಹೊಲಾ ನೀವ ಇಟ್ಕೊರಿ, ತಾಟು ನನಗ’ ಅಂದಳು. ಅಣ್ಣ ಸುಮ್ಮನಾದ. ಅವನ ಮಗ ತಾಟಿನ ಧೂಳು ಒರೆಸಿ, ನೋಟು ಖರೆಯೋ ಖೋಟಾವೋ ನೋಡುವ ನೀಲಿ ದೀಪದ ಕೆಳಗೆ ತಮಾಷೆಗೆ ಹಿಡಿದ. ತಾಟು ಎಳೆ ಬಾಳೆಎಲೆಯ ಹಸಿರಾಗಿ ಉರಿಯಿತು. ‘ಕಾಕಾ, ಇದೇನಿದು!’ ಎಂದು ಹುಡುಗ ಕೈ ಹಿಂದೆಗೆದ.

ಅದು ಯುರೇನಿಯಂ. ಗಾಜು ಕರಗಿಸುವಾಗ ಚಿಟಿಕೆಯಷ್ಟು ಸೇರಿಸಿದರೆ ಈ ಬಣ್ಣ ಬರುತ್ತದೆ. 1830ರ ದಶಕದಲ್ಲಿ, ಈಗಿನ ಚೆಕ್ ದೇಶದಲ್ಲಿರುವ ಬೊಹೀಮಿಯಾದ ಯೋಸೆಫ್ ರೀಡೆಲ್ ಇದನ್ನು ಮಾರುಕಟ್ಟೆಗೆ ತಂದು, ಹಳದಿಗೂ ಹಸಿರಿಗೂ ಹೆಂಡತಿ ಅನ್ನಾಳ ಹೆಸರನ್ನೇ ಇಟ್ಟಿದ್ದ. ಗೂಡಿನಲ್ಲಿಟ್ಟು ನೋಡಲು ಅಪಾಯವಿಲ್ಲ. ಉಪ್ಪಿನಕಾಯಿ ಹಾಕಿಡಬೇಡಿ, ಅಷ್ಟೆ.

ಬೊಹೀಮಿಯಾ ಅಂದಮೇಲೆ ಬೆಲ್ಜಿಯಂ ಅಲುಗಿತು. ನವಾಬರು ಬೀಳಲಿಕ್ಕೆ ತಾಟನ್ನು ಬೋರಲು ಹಾಕಬೇಕಾಯಿತು. ಅಂಚಿನ ಹೊರಮೈಯಲ್ಲಿ ಬೆರಳಾಡಿಸಿದರೆ ಮೂರು ಕಡೆ ಸಣ್ಣ ಏಣು ಉಗುರಿಗೆ ತಾಗಿತು: ಅಚ್ಚಿನ ಮೂರು ಹೋಳು ಕೂಡಿದ ಜಾಗ. ಕೈಯಿಂದ ಕೊರೆದಿದ್ದರೆ ಹೂವಿನ ಎಸಳುಗಳು ಚೂಪಾಗಿರುತ್ತಿದ್ದವು. ಇವು ನೀರಲ್ಲಿ ನೆನೆದ ಸಾಬೂನಿನ ಹಾಗೆ ನುಣುಪು. ಸಂತೆಯಲ್ಲಿ ಮಾರುವುದಕ್ಕೆಂದು ರಾಶಿರಾಶಿ ಒತ್ತಿ ತೆಗೆದ ಮಾಲು. ತಳದ ನಡುವೆ ಎಳ್ಳುಕಾಳಿನ ಗಾತ್ರದ ಮಸುಕು ಅಕ್ಷರಗಳು. ದೀಪವನ್ನು ಓರೆ ಹಿಡಿದು, ನನ್ನ ಕನ್ನಡಕದ ಮೇಲೆ ಅಣ್ಣನ ಕನ್ನಡಕ ಇಟ್ಟುಕೊಂಡು ಓದಿದೆ: ಮೇಡ್ ಇನ್ ಚೆಕೊಸ್ಲೊವಾಕಿಯಾ.

ಆ ಹೆಸರಿನ ದೇಶ ಹುಟ್ಟಿದ್ದೇ 1918ರಲ್ಲಿ. ನಮ್ಮ ಕಥೆಯ ಸಾಲಾರ್ ಜಂಗ್, ಅಂದರೆ ಆ ಹೆಸರಿನ ಮೊದಲನೆಯವರು, ತೀರಿಕೊಂಡದ್ದು 1883ರಲ್ಲಿ. ಸತ್ತು 35 ವರ್ಷಕ್ಕೆ ಹುಟ್ಟಿದ ದೇಶದ ತಾಟನ್ನು ಅವರು ಮುತ್ತಜ್ಜನಿಗೆ ಕೊಟ್ಟದ್ದು ಹೇಗೆ?

ಅಜ್ಜನ ಕೀರ್ದಿ ಪುಸ್ತಕ ಅಣ್ಣನ ಕಪಾಟಿನಲ್ಲಿತ್ತು. ಎಲ್ಲರೂ ಎತ್ತಿಟ್ಟುಕೊಂಡ, ಯಾರೂ ಓದದ ಪುಸ್ತಕ. ಎರಡು ಭಾನುವಾರ ಕೂತೆ. ಫಸಲಿ 1345ರಲ್ಲಿ ಸಿಕ್ಕಿತು. ಹೈದರಾಬಾದಿನ ಫಸಲಿಗೆ 590 ಕೂಡಿಸಿದರೆ ಇಸವಿ, ಅಂದರೆ 1935-36. ‘ಹುಬ್ಬಳ್ಳಿ ಪ್ಯಾಟಿ, ಗಾಜಿನ ತಾಟು 1.’ ಬದಿಯಲ್ಲೇ ‘ಕರೋಡಗಿರಿ’. ಹುಬ್ಬಳ್ಳಿ, ಗದಗ ಆಗ ಮುಂಬೈ ಇಲಾಖೆ, ಕೊಪ್ಪಳ ನಿಜಾಮರದು; ಗಡಿ ದಾಟಿ ಬಂದ ಸರಕಿಗೆ ಸಂಸ್ಥಾನ ವಸೂಲು ಮಾಡುತ್ತಿದ್ದ ಸುಂಕಕ್ಕೆ ಹಾಗನ್ನುತ್ತಿದ್ದರು. ದಾನ ಬಂದದ್ದಿರಲಿ, ಸ್ವಂತ ದುಡ್ಡಲ್ಲಿ ಕೊಂಡದ್ದಕ್ಕೂ ಸುಂಕ ಕಟ್ಟಿಸಿಕೊಂಡಿದ್ದಾರೆ! ಅದೇ ಹಾಳೆಯ ಕೆಳಗೆ ಜಾಗೀರಿಗೆ ಸಂದಾಯವಾದ ಕಂದಾಯದ ಕಂತು.

ಆ ತಾಟು ಉಳಿದದ್ದು ಕೂಡ ಅದು ಅಗ್ಗವಾಗಿದ್ದರಿಂದಲೇ ಇರಬೇಕು. ರಜಾಕಾರರ ಹಾವಳಿಯಲ್ಲಿ ನಮ್ಮವರು ಮನೆಗೆ ಕೀಲಿ ಹಾಕಿ ಗದಗಿಗೆ ಓಡಿದ್ದರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿದ ಮೇಲೆ ಬಂದು ನೋಡಿದರೆ ಹಿತ್ತಾಳೆ ಕೊಡ, ತಾಮ್ರದ ಹಂಡೆ, ಒಳಕಲ್ಲಿನ ಗುಂಡು ಕೂಡ ಇಲ್ಲ. ಗೂಡಿನಲ್ಲಿ ತಾಟು ಇದ್ದ ಹಾಗೇ ಇತ್ತು.

ಕಳೆದ ವರ್ಷ ಅಕ್ಕನನ್ನು ಕರೆದುಕೊಂಡು ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋಗಿದ್ದೆ. ಮೂರನೆಯ ಸಾಲಾರ್ ಜಂಗ್ ಮದುವೆಯಾಗದೆ 1949ರಲ್ಲಿ ತೀರಿಕೊಂಡರು, ಜಾಗೀರುಗಳೂ ಅದೇ ವರ್ಷ ರದ್ದಾದವು. ಅವರ ಮನೆಯ ಸಂಗ್ರಹವನ್ನು 1951ರಲ್ಲಿ ನೆಹರೂ ಜನರಿಗೆ ತೆರೆದರು. ಗಾಜಿನ ಕೋಣೆಯಲ್ಲಿ ಖರೆ ಬೊಹೀಮಿಯಾದ ಸಾಮಾನಿದೆ. ಕೆಂಪು ಪದರವನ್ನು ಕೊರೆದು ಕೆಳಗಿನ ಬಿಳಿ ಗಾಜು ಕಾಣಿಸುವ ಹಾಗೆ ಮಾಡಿದ ಹೂಜಿಗಳು, ಅವುಗಳ ಅಂಚೆಲ್ಲ ಚೂಪು. ಅಕ್ಕ ಬಹಳ ಹೊತ್ತು ನೋಡಿದಳು. ‘ಇದರಾಗ ನಮ್ಮ ಜ್ವಾಳಾನೂ ಐತಿ ಬಿಡು’ ಅಂದು ಮುಂದಿನ ಕೋಣೆಗೆ ನಡೆದಳು. ತಾಟು ಈಗ ಅವಳ ಮನೆಯಲ್ಲೇ ಇದೆ. ಮೊಮ್ಮಕ್ಕಳಿಗೆ ನವಾಬರದ್ದೆಂದೇ ಹೇಳುತ್ತಾಳೆ, ನಾನಿದ್ದಾಗ ಮಾತ್ರ ಹೇಳುವುದಿಲ್ಲ.

ಅಣ್ಣನ ಪಾಲಿಗೆ ಬಂದ, ‘ಹೈದರಾಬಾದಿನ’ ಆರು ಶರಬತ್ತಿನ ಗ್ಲಾಸುಗಳ ತಳದಲ್ಲಿ ಯೆರಾ ಎಂದಿದೆ. ಬರೋಡಾದ ಮಾಲು.

ನಿಜಕ್ಕೂ ಊದಿ ಮಾಡಿದ್ದೊಂದು ಮನೆಯಲ್ಲಿತ್ತು. ಪಡಸಾಲೆಯ ತೊಲೆಗೆ ಸರಪಳಿಯಲ್ಲಿ ತೂಗುಬಿಟ್ಟ ಗಾಜಿನ ಹಂಡಿ ದೀಪ. ಮೈಯಲ್ಲಿ ಸಾಸಿವೆಯಷ್ಟು ಗುಳ್ಳೆಗಳು, ತಳದಲ್ಲಿ ಕಬ್ಬಿಣದ ಸರಳಿನಿಂದ ಮುರಿದು ಬಿಡಿಸಿದ ಹೊಕ್ಕಳಿನಂಥ ಗುರುತು. ಕರೆಂಟು ಬಂದ ಮೇಲೆ ಅದರಲ್ಲಿ ಗುಬ್ಬಿ ಗೂಡು ಕಟ್ಟಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಹಳೆ ಸಾಮಾನಿನವ ಬಂದ. ಅವ್ವ ಒಂದು ತಾಸು ಚೌಕಾಸಿ ಮಾಡಿ, ಹಂಡಿ ಕೊಟ್ಟು ಸ್ಟೀಲಿನ ದೊಡ್ಡ ಡಬ್ಬಿ ತೊಗೊಂಡಳು. ಗುಬ್ಬಿ ಗೂಡನ್ನು ಅವನೇ ತೆಗೆದು ಕಟ್ಟೆಯ ಮೇಲಿಟ್ಟು ಹೋದ. ಡಬ್ಬಿ ನನ್ನ ಪಾಲಿಗೆ ಬಂದಿದೆ, ಹತ್ತು ಕಿಲೋ ಅಕ್ಕಿ ಹಿಡಿಯುತ್ತದೆ. ತೊಲೆಯ ಕೊಂಡಿಗೆ ಫ್ಯಾನು ಹಾಕಿದ್ದೇವೆ.