ಬಟ್ಟಲ ಮೇಲಿನ ಫಿನ್

ಕಾಫಿಯನ್ನು ಕುಡಿಯುವುದರಲ್ಲಿರುವ ಸುಖಕ್ಕೆ ಸರಿಸಮನಾದ ಇನ್ನೊಂದು ಸುಖ, ಅದು ಕಣ್ಣೆದುರಿಗೆ ಆಗುತ್ತಿರುವುದನ್ನು ಕುಳಿತು ನೋಡುವುದರಲ್ಲಿ ಉಂಟು. ಇದನ್ನು ಪೂರ್ಣವಾಗಿ ಬಲ್ಲವರು ವಿಯೆಟ್ನಾಮಿನ ಜನ. ನಮ್ಮಲ್ಲಿ ಡಿಕಾಕ್ಷನ್ ಇಳಿಯುವುದು ಅಡಿಗೆಮನೆಯ ಮೂಲೆಯಲ್ಲಿ, ಎರಡು ಅಂತಸ್ತಿನ ಮುಚ್ಚಿದ ಫಿಲ್ಟರಿನೊಳಗೆ, ಎಷ್ಟೋ ವೇಳೆ ಮನೆಯವರೆಲ್ಲ ಏಳುವ ಮುನ್ನವೇ. ಕುಡಿಯುವವರ ಪಾಲಿಗೆ ಬರುವುದು ನೊರೆಯೆದ್ದ ಲೋಟ. ಹನೋಯಿಯಲ್ಲಾಗಲಿ ಸೈಗಾನಿನಲ್ಲಾಗಲಿ ಬಟ್ಟಲೂ ಶೋಧಕವೂ ಒಂದರ ಮೇಲೊಂದು ಕುಳಿತು ಒಟ್ಟಿಗೇ ಮೇಜಿಗೆ ಬರುತ್ತವೆ. ಕಾಫಿ ಸಿದ್ಧವಾಗುವುದು ಕುಡಿಯುವವನ ಮುಂದೆ, ಅವನ ನಿರೀಕ್ಷೆಯ ಸಾಕ್ಷಿಯಲ್ಲಿ.

ಆ ಶೋಧಕಕ್ಕೆ ಅಲ್ಲಿ ಫಿನ್ ಎನ್ನುತ್ತಾರೆ. ಅಲ್ಯೂಮಿನಿಯಮ್ಮಿನದೋ ಉಕ್ಕಿನದೋ ಆದ ಒಂದು ಕಿರುಪಾತ್ರೆ, ಅದನ್ನು ಬಟ್ಟಲ ಅಂಚಿನ ಮೇಲೆ ನಿಲ್ಲಿಸುವ ರಂಧ್ರಮಯವಾದ ತಟ್ಟೆ, ಪುಡಿಯನ್ನು ಅದುಮುವ ಬಿಲ್ಲೆ, ಮೇಲೊಂದು ಮುಚ್ಚಳ. ಆ ಮುಚ್ಚಳವನ್ನು ಮಗುಚಿಟ್ಟರೆ, ಕೆಲಸ ಮುಗಿಸಿದ ಫಿನ್ ಮೇಜನ್ನು ತೋಯಿಸದೆ ಕೂರಲು ಅದೇ ಪೀಠವಾಗುತ್ತದೆ. ಇಂಥ ಮಿತವ್ಯಯದ ಜಾಣ್ಮೆಯನ್ನು ಕಂಡಾಗಲೆಲ್ಲ ಅದನ್ನು ರೂಪಿಸಿದ ಅಜ್ಞಾತ ಕುಶಲಿಯಲ್ಲಿ ನನಗೆ ಗೌರವ ಹುಟ್ಟುತ್ತದೆ.

ಕಾಫಿಯ ಗಿಡವನ್ನು 1857ರಲ್ಲಿ ಆ ನಾಡಿಗೆ ತಂದವರು ಫ್ರೆಂಚ್ ಪಾದ್ರಿಗಳು. ಉಷ್ಣಪ್ರದೇಶದಲ್ಲಿ ಹಸಿಹಾಲು ದುರ್ಲಭವೂ ಬೇಗನೆ ಕೆಡತಕ್ಕದ್ದೂ ಆಗಿದ್ದುದರಿಂದ, ಡಬ್ಬಿಗಳಲ್ಲಿ ಬರುತ್ತಿದ್ದ ಸಕ್ಕರೆ ಬೆರೆತ ಗಟ್ಟಿಹಾಲು ಅದರ ಸ್ಥಾನವನ್ನು ಪಡೆಯಿತು; ಹಾಗೆ ಪಡೆದದ್ದು ಇಂದಿಗೂ ಕದಲಲಿಲ್ಲ. ಕಾರಣವೂ ಸ್ಪಷ್ಟವಾಗಿದೆ. ಬುವಾನ್ ಮ ಥುವೋಟ್ ಸುತ್ತಣ ಎತ್ತರಭೂಮಿಯ ಕೆಂಪು ಮಣ್ಣಿನಲ್ಲಿ ಬೆಳೆಯುವುದು ಬಹುಮಟ್ಟಿಗೆ ರೊಬಸ್ಟಾ. ಅರೇಬಿಕಾಕ್ಕಿಂತ ಸುಮಾರು ಇಮ್ಮಡಿ ಕೆಫೀನು, ಅದಕ್ಕೆ ತಕ್ಕ ಕಹಿ. ಕಪ್ಪಾಗುವಷ್ಟು ಹುರಿದ ಆ ಬೀಜದ ಪ್ರಖರತೆಯೆದುರು ತೆಳುಹಾಲು ಸೋತುಹೋಗುತ್ತದೆ. ಗಟ್ಟಿಹಾಲೊಂದೇ ಅದಕ್ಕೆ ಎದುರು ನಿಂತು, ಕಹಿಯನ್ನು ಅಳಿಸದೆಯೇ ಮಧುರಗೊಳಿಸಬಲ್ಲುದು. ರೊಬಸ್ಟಾ ಒರಟೆಂದು ಮೂಗುಮುರಿಯುವ ರಸಿಕರುಂಟು. ಅವರ ತೀರ್ಪನ್ನು ನಾನು ಒಪ್ಪಲಾರೆ. ನನ್ನ ಫಿನ್‌ಗೆ ನಾನು ಹಾಕುವುದು ಕೊಡಗಿನ ರೊಬಸ್ಟಾವನ್ನೇ, ಕಪ್ಪಾಗಿ ಹುರಿಸಿ, ಚಿಕೋರಿಯ ಸೋಂಕಿಲ್ಲದೆ.

ಗಾಜಿನ ಲೋಟದ ತಳಕ್ಕೆ ಎರಡು ಚಮಚ ಗಟ್ಟಿಹಾಲನ್ನು ಸುರಿದು, ಫಿನ್‌ನೊಳಗೆ 20 ಗ್ರಾಮಿನಷ್ಟು ಪುಡಿಯನ್ನು, ನಮ್ಮ ಫಿಲ್ಟರಿಗೆ ಬೇಕಾದುದಕ್ಕಿಂತ ತುಸು ತರಿಯಾದುದನ್ನು, ಮಟ್ಟಮಾಡಿ, ಬಿಲ್ಲೆಯನ್ನು ಬಲಪ್ರಯೋಗವಿಲ್ಲದೆ ಕೂರಿಸಬೇಕು. ಕುದಿ ಇಳಿದ ನೀರನ್ನು ಮೊದಲು ಪುಡಿ ನೆನೆಯುವಷ್ಟೇ ಹೊಯ್ದು ಅರ್ಧ ನಿಮಿಷ ಸುಮ್ಮನಿರುವುದೇ ಈ ವಿಧಿಯ ಮರ್ಮ: ಹುರಿದ ಬೀಜದಲ್ಲಿ ಸೆರೆಯಾಗಿದ್ದ ಅಂಗಾರಾಮ್ಲ ವಾಯು ಹೊರಬಿದ್ದು, ಪುಡಿ ಉಬ್ಬಿ, ಮೊದಲ ಪರಿಮಳ ಏಳುವುದು ಆಗಲೇ. ತರುವಾಯ ಅಂಚಿನವರೆಗೆ ನೀರು ತುಂಬಿ ಮುಚ್ಚಳವಿಟ್ಟರೆ, ಮಳೆ ನಿಂತ ಮೇಲಿನ ಸೂರಿನಂತೆ ಹನಿ ಬೀಳತೊಡಗುತ್ತದೆ. ನಾಲ್ಕೈದು ನಿಮಿಷಗಳಲ್ಲಿ ಅದು ಮುಗಿಯಬೇಕು. ಧಾರೆಗಟ್ಟಿ ಸುರಿದರೆ ಪುಡಿ ತೀರ ತರಿಯೆಂದೂ, ಹನಿಯೇ ನಿಂತುಹೋದರೆ ತೀರ ನುಣುಪೆಂದೋ ಬಿಲ್ಲೆ ಬಿಗಿಯಾಯಿತೆಂದೋ ತಿಳಿಯತಕ್ಕದ್ದು. ಸಾಂದ್ರವಾದ ಹಾಲು ತಳದಲ್ಲಿಯೇ ಉಳಿದು, ಅದರ ಮೇಲೆ ಕರಿಯ ಕಷಾಯ ಬೆರೆಯದೆ ಮಡುಗಟ್ಟುತ್ತಿರುವ ಆ ಹೊತ್ತಿನಲ್ಲಿ ನಾನು ಪತ್ರಿಕೆಯನ್ನೂ ಒಲ್ಲೆ, ಹರಟೆಯನ್ನೂ ಒಲ್ಲೆ. ಹನಿಗೊಂದರಂತೆ ನಾಲಗೆಯಲ್ಲಿ ಆಸೆ ಬಲಿಯುತ್ತ ಬರುತ್ತದೆ. ಕೈಗೆ ಒಡನೆಯೇ ದೊರೆತ ಕಾಫಿಯಲ್ಲಿ ಈ ರುಚಿ ಇರಲಾರದು.

ಹಾಲಿನ ಅಭಾವವೇ ಮತ್ತೊಂದು ಸೊಗಸಿಗೂ ಕಾರಣವಾಯಿತು. 1946ರಲ್ಲಿ ಹನೋಯಿಯ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸದಲ್ಲಿದ್ದ ನ್ಗುಯೆನ್ ವಾನ್ ಗಿಯಾಂಗ್ ಎಂಬವರು ಮೊಟ್ಟೆಯ ಹಳದಿಯನ್ನು ನೊರೆಯೇಳುವಂತೆ ಕಡೆದು ಹಾಲಿಗೆ ಬದಲಾಗಿ ಕಾಫಿಗೆ ಹೊದಿಸಿದರು. ಅವರ ಹೆಸರಿನ ಅಂಗಡಿ ಆ ನಗರದಲ್ಲಿ ಇಂದಿಗೂ ನಡೆಯುತ್ತಿದೆ.

ನನ್ನ ಒಲವು ಮಾತ್ರ ದಕ್ಷಿಣದ ರೀತಿಯ ಕಡೆಗೆ. ಚೆನ್ನಾಗಿ ಕಲಕಿದ ಕಾಫಿಯನ್ನು ಎತ್ತರದ ಲೋಟದಲ್ಲಿ ತುಂಬಿದ ಮಂಜುಗಡ್ಡೆಯ ಮೇಲೆ ಸುರಿದಾಗ ಸಿದ್ಧವಾಗುವ ‘ಕಾ ಫೆ ಸುವಾ ದಾ’ ನಮ್ಮ ಚೈತ್ರ ವೈಶಾಖಗಳ ಮಧ್ಯಾಹ್ನಕ್ಕೆ ಹೇಳಿಮಾಡಿಸಿದ ಪಾನೀಯ. ಮಂಜು ಕರಗಿದಂತೆಲ್ಲ ಅದರ ತೀಕ್ಷ್ಣತೆ ಸೌಮ್ಯವಾಗುತ್ತ ಹೋಗುವುದರಿಂದ, ಗುಟುಕು ಗುಟುಕಿಗೂ ಬಿಡುವು ಕೊಟ್ಟು ಕುಡಿಯುವವನಿಗೆ ಒಂದೇ ಲೋಟದಲ್ಲಿ ಹಲವು ಕಾಫಿಗಳು ದೊರೆಯುತ್ತವೆ. ಸೈಗಾನಿನ ಅಂಗಡಿಗಳಲ್ಲಿ ಇದರೊಡನೆ ತಿಳಿಯಾದ ತಣ್ಣನೆಯ ಚಹವನ್ನು ಕೇಳದೆಯೇ ತಂದಿಡುವ ವಾಡಿಕೆ. ನಾಲಗೆಯ ಮೇಲಿನ ಸಿಹಿಯನ್ನು ತೊಳೆದು ಮುಂದಿನ ಗುಟುಕಿಗೆ ಅಣಿಮಾಡುವ ಆ ಚಹವನ್ನು ಮನೆಯಲ್ಲಿಯೂ ನಾನು ತಪ್ಪಿಸುವುದಿಲ್ಲ.