ತಂದೆಯ ಉದ್ಯೋಗ: ಬಿಸಿನೆಸ್ (ಭಾಗ 3)

ಫೋಟೋದಲ್ಲಿ ಕಾಣ್ತಿರೋದು ನಮ್ಮನೆ ಅಟ್ಟ. ಫಿಲ್ಟರ್ ಹಾಕಿಲ್ಲ, ಅಲ್ಲಿ ನಿಜವಾಗ್ಲೂ ಅಷ್ಟು ಕತ್ತಲೆ.

ಬಿಳಿಗೆರೆ ಕಡೆಯವರಿಗೆ ಇದನ್ನ ವಿವರಿಸೋದೇ ಬೇಡ. ಬೇರೆ ಊರಿನವರಿಗಾಗಿ ಹೇಳ್ತೀನಿ: ತೆಂಗಿನಕಾಯಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಡ್ತೀವಿ. ಒಳಗಿನ ನೀರು ತಾನಾಗೇ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಕೊಂಡು ಉಂಡೆ ಆಗುತ್ತೆ. ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಗೊತ್ತಾಗುತ್ತೆ. ಕುಳುಕುಳು ಅಂದ್ರೆ ಇನ್ನೂ ನೀರಿದೆ. ಲೊಟಲೊಟ ಅಂದ್ರೆ ಆಗಿದೆ. ಮನೇಲಿ ಎಲ್ಲರಿಗಿಂತ ಹಗುರ ಇದ್ದವಳು ನಾನೇ, ಅದಕ್ಕೆ ಐದನೇ ಕ್ಲಾಸಿಂದ ಅಟ್ಟ ಹತ್ತೋ ಕೆಲಸ ನಂದು. ಚೇಳಿರುತ್ತೆ ಕಣೇ ಅಂತ ಅಮ್ಮ ಕೆಳಗಿಂದ ಬೈತಾನೇ ಇರ್ತಿದ್ಲು.

2023ರಲ್ಲಿ ನನ್ನ ಸೆಕೆಂಡ್ ಪಿಯು ಮುಗೀತು. ಬೆಂಗಳೂರಲ್ಲಿ ಬಿಕಾಂ, ಹಾಸ್ಟೆಲ್, ಎಲ್ಲಾ ಮನಸ್ಸಲ್ಲೇ ಫಿಕ್ಸ್ ಮಾಡ್ಕೊಂಡಿದ್ದೆ. ದುಡ್ಡು ಅಟ್ಟದಲ್ಲಿತ್ತು, ಎಂಟು ಕ್ವಿಂಟಾಲ್. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ತಿಪಟೂರು ಮಾರ್ಕೆಟ್‌ನಲ್ಲಿ ನಮಗೆ ಸಿಕ್ಕಿದ್ದು 8,000ದ ಆಸುಪಾಸು. ಇನ್ನೊಂದಿಷ್ಟು ದಿನ ಕಾಯೋ ಸ್ಥಿತಿ ಇರ್ಲಿಲ್ಲ, ಕೈಸಾಲ ಇತ್ತು, ಮಾರಿಬಿಟ್ರು ಅಪ್ಪ. ವ್ಯತ್ಯಾಸ ಲೆಕ್ಕ ಹಾಕಿದ್ದು ನಾನೇ. 30,000. ಹಾಸ್ಟೆಲ್ ಅಲ್ಲೇ ಹೋಯ್ತು.

ತಿಪಟೂರಲ್ಲೇ ಸೇರಿದೆ. ಅಡ್ಮಿಷನ್ ಫಾರ್ಮಲ್ಲಿ 'ತಂದೆಯ ಉದ್ಯೋಗ' ಅಂತ ಒಂದು ಗೆರೆ ಇತ್ತು. ಪೆನ್ನು ಅಲ್ಲೇ ನಿಂತ್ಕೊಂಡ್ತು. ಆಮೇಲೆ 'ಬಿಸಿನೆಸ್' ಅಂತ ಬರೆದೆ. ಪಕ್ಕದಲ್ಲೇ ಅಪ್ಪ ನಿಂತಿದ್ರು, ಓದಿದ್ರು, ಏನೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಒಂದು ವರ್ಷ ನಾನು ಯಾರು ಅಂದ್ರೆ 'ಬೆಂಗಳೂರಿಗೆ ಹೋಗಕ್ಕಾಗದೇ ಇದ್ದವಳು', ಅಷ್ಟೇ. ಊರು ಯಾವುದು ಅಂದ್ರೆ ತಿಪಟೂರು ಅಂತಿದ್ದೆ. ಅಟ್ಟ ಹತ್ತೋದನ್ನೂ ಬಿಟ್ಟೆ, ಉಗುರು ಕಪ್ಪಾಗುತ್ತೆ ಅಂತ.

ಆಮೇಲೊಂದು ದಿನ ಕ್ಲಾಸಲ್ಲಿ ಅಕೌಂಟಿಂಗ್ ಸ್ಟ್ಯಾಂಡರ್ಡ್ 2. ಸ್ಟಾಕ್‌ನ ಖರ್ಚಾದ ಬೆಲೆ, ಮಾರಿದ್ರೆ ಕೈಗೆ ಸಿಗೋ ಬೆಲೆ, ಇವೆರಡರಲ್ಲಿ ಯಾವುದು ಕಮ್ಮಿನೋ ಅದನ್ನ ಬರೀಬೇಕು. ಬಾಯಿ ತಡೀಲಿಲ್ಲ ನಂಗೆ. "ಸಾರ್, ಒಂದು ವರ್ಷ ಅಟ್ಟದಲ್ಲಿ ಕಾದ ಕೊಬ್ಬರಿಗೆ ಖರ್ಚು ಹೆಂಗೆ ಹಾಕೋದು?" ಅಂದೆ. ರೈತರು ಬೆಳೆದ ಮಾಲಿಗೆ ಆ ಸ್ಟ್ಯಾಂಡರ್ಡ್‌ನಲ್ಲೇ ಒಂದು ವಿನಾಯ್ತಿ ಇದೆ ಅಂತ ಸಾರ್ ಹೇಳಿದ್ರು. ಆಮೇಲೆ ಕೇಳಿದ್ರು, "ನಿಮ್ದು ತೋಟ ಇದೆಯೇನಮ್ಮ?"

"ಹೂಂ ಸಾರ್. ನಮ್ಮಪ್ಪ ರೈತ. ಬಿಳಿಗೆರೆ."

ಎದೆ ಡವಡವ ಅಂತಿತ್ತು. ಯಾರಾದ್ರೂ ನಗ್ತಾರೆ ಅಂದ್ಕೊಂಡ್ರೆ, ಹಿಂದಿನ ಬೆಂಚಿಂದ "ನಮ್ದೂ ಆ ವರ್ಷ ಹಂಗೇ ಹೋಯ್ತು" ಅಂತ ಒಬ್ಬ ಅಂದ. ಇನ್ನೊಬ್ಬಳು ತುರುವೇಕೆರೆ ಕಡೆಯವಳು, ಅವರಮ್ಮ ಓಲೆ ಅಡವಿಟ್ಟಿದ್ದು ಹೇಳಿದ್ಲು. ಅರ್ಧ ಕ್ಲಾಸೇ ತೆಂಗಿನ ತೋಟದ್ದು! ಎರಡು ವರ್ಷ ಒಂದೇ ಬಸ್ಸಲ್ಲಿ ಓಡಾಡಿ ಒಬ್ಬರಿಗೊಬ್ಬರು ಹೇಳ್ಕೊಂಡಿರ್ಲಿಲ್ಲ ನಾವು. (ನೀವೇ ಕಣ್ರೋ, ಓದ್ತಿದ್ದೀರಲ್ಲ.)

ಎಲ್ಲಾ ಸರಿಹೋಯ್ತು ಅಂತ ಹೇಳ್ತಿಲ್ಲ. 2025ರಲ್ಲಿ ಕೊಬ್ಬರಿ ಕ್ವಿಂಟಾಲಿಗೆ 20,000 ದಾಟ್ದಾಗ ನಮ್ಮ ಅಟ್ಟದಲ್ಲಿದ್ದಿದ್ದು ಎರಡೇ ಕ್ವಿಂಟಾಲ್. ಬೆಂಗಳೂರಿನ ಆಸೆ ಈಗ್ಲೂ ಇದೆ. ಕ್ಲಾಸ್‌ಮೇಟ್ಸ್ ಹಾಸ್ಟೆಲ್ ಸ್ಟೋರಿ ಹಾಕಿದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಹೋದ ಭಾನುವಾರ ಮತ್ತೆ ಅಟ್ಟ ಹತ್ತಿದೆ. ತಲೆ ತೊಲೆಗೆ ತಗುಲ್ತು, ಈಗ ಅಷ್ಟು ಉದ್ದ ಆಗಿದ್ದೀನಿ. ಕೆಳಗಿಂದ ಅಪ್ಪ ಕೇಳಿದ್ರು, "ಆಗೈತೇನವ್ವ?"

ಕಿವಿ ಹತ್ರ ಹಿಡಿದೆ. "ಇಲ್ಲಪ್ಪ, ಇನ್ನೂ ನೀರೈತೆ."

ನಿಮ್ಮ ಫಾರ್ಮಲ್ಲಿ ಏನಂತ ಬರೆದಿದ್ರಿ? ನಿಜ ಹೇಳಿ.

#ಬಿಳಿಗೆರೆ #ಕೊಬ್ಬರಿ #ಅಟ್ಟದಕಥೆ